ಜಾಗೀರು ಎಂಬ ಪದದ ಜಾಡು

ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದಲ್ಲಿ, ಕಾರ್ಖಾನೆಯ ಗೇಟಿಗೆ ಅಡ್ಡವಾಗಿ ಯಾರಾದರೂ ಲಾರಿ ನಿಲ್ಲಿಸಿದರೆ ಒಂದು ಮಾತು ಬಂದೇ ಬರುತ್ತದೆ: “ಇದೇನು ನಿಮ್ಮಪ್ಪನ ಜಾಗೀರಾ?” ಜಗಳ ಉರ್ದುವಿನಲ್ಲಿರಲಿ, ಬೀದರ್ ಕಡೆಯವರ ಕನ್ನಡದಲ್ಲಿರಲಿ, ಜಾಗೀರು ಎಂಬ ಪದ ಮಾತ್ರ ಅದೇ.

ಪದ ಪಾರಸಿಯದು. ‘ಜಾ’ ಎಂದರೆ ಜಾಗ, ‘ಗೀರ್’ ಎಂದರೆ ಹಿಡಿದದ್ದು. ಜಾಗ ಹಿಡಿದರೂ ಜಾಗೀರುದಾರನಿಗೆ ಸೇರುತ್ತಿದ್ದುದು ಮಣ್ಣಲ್ಲ, ಅದರ ಕಂದಾಯ. ಮೊಗಲರು ತಮ್ಮ ಮನ್ಸಬ್‌ದಾರರಿಗೆ, ಎಂದರೆ ದರ್ಜೆ ಪಡೆದ ಅಧಿಕಾರಿಗಳಿಗೆ, ಸಂಬಳದ ಬದಲು ಇಂತಿಷ್ಟು ಹಳ್ಳಿಗಳ ಕಂದಾಯ ಎತ್ತುವ ಹಕ್ಕು ಬರೆದುಕೊಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವರನ್ನು ಬೇರೆಡೆಗೆ ಬದಲಿಸುತ್ತಿದ್ದರು. ಒಂದೇ ಕಡೆ ಬೇರುಬಿಟ್ಟರೆ ಬಾದಶಹನಿಗೇ ಎದುರು ನಿಂತಾರು ಎಂಬ ಎಚ್ಚರ ಅದು. ನಮ್ಮ ‘ಉಂಬಳಿ’ಯೂ ಜಾಗೀರಿನ ನೆಂಟ, ಉಣ್ಣುವ ಮಾತು ಆ ಪದದಲ್ಲೇ ಕೇಳಿಸುತ್ತದೆ.

ಹೈದರಾಬಾದಿನ ನಿಜಾಮರ ರಾಜ್ಯದಲ್ಲಿ ಈ ಎಚ್ಚರ ಸಡಿಲವಾಯಿತು. ಜಾಗೀರು ತಂದೆಯಿಂದ ಮಗನಿಗೆ ಇಳಿಯುವ ಆಸ್ತಿಯಾಯಿತು. ಸರ್ಕಾರ ನೇರವಾಗಿ ಆಳುತ್ತಿದ್ದ ನೆಲ ‘ದಿವಾನಿ’. ನಿಜಾಮರ ಸ್ವಂತ ಖರ್ಚಿನ ನೆಲ ‘ಸರ್ಫ್-ಎ-ಖಾಸ್’. ನಿಜಾಮರಿಗಾಗಿ ದಂಡು ಸಾಕಲು ಕೊಟ್ಟ ದೊಡ್ಡ ಜಾಗೀರುಗಳು ‘ಪಾಯಗಾ’. ಇಂದಿನ ಕರ್ನಾಟಕದ ಚಿಟಗುಪ್ಪ, ಆಳಂದದ ಸೀಮೆಗಳು ಪಾಯಗಾಕ್ಕೆ ಸೇರಿದ್ದವು. ದೊಡ್ಡ ಜಾಗೀರುಗಳಲ್ಲಿ ಕಂದಾಯದ ಜೊತೆಗೆ ಪೊಲೀಸು, ನ್ಯಾಯದ ಕಚೇರಿಗಳೂ ಜಾಗೀರುದಾರನವೇ. ಸುಂಕ ಹೇರುವವನೂ ಅವನೇ, ದೂರು ಕೇಳುವವನೂ ಅವನೇ ಆದಾಗ ರೈತ ಹೋಗುವುದೆಲ್ಲಿಗೆ?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ, 1949ರ ಆಗಸ್ಟ್ 15ರಂದು ಜಾಗೀರು ರದ್ದತಿಯ ಶಾಸನ ಜಾರಿಗೆ ಬಂತು. ಜಾಗೀರುದಾರರಿಗೆ ಪರಿಹಾರ ಸಿಕ್ಕಿತು, ಹಳ್ಳಿಗಳು ದಿವಾನಿಗೆ ಬಂದವು. ನೆಲದ ಮೇಲಿನ ಹಕ್ಕಿಗಾಗಿ ಗೇಣಿದಾರ ಮುಂದೆಯೂ ಹೋರಾಡಬೇಕಾಯಿತು. ಶಾಸನ ಬಿಡಿಸಿದ್ದು ಮೊದಲ ಗಂಟನ್ನು.

ಜಹಗೀರದಾರ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಈಗಲೂ ಉಂಟು. ಉಳಿದವರ ಬಾಯಲ್ಲಿ ಜಾಗೀರು ಬೈಗುಳವಾಗಿ ಉಳಿಯಿತು. ಉತ್ತವನು ಒಬ್ಬ, ಉಂಡವನು ಇನ್ನೊಬ್ಬ ಎಂಬುದನ್ನು ತಲೆಮಾರುಗಟ್ಟಲೆ ನೋಡಿದ ಜನ, ಎಲ್ಲರ ದಾರಿಯನ್ನು ಒಬ್ಬನೇ ಹಿಡಿದು ನಿಂತಾಗ ಬೇರೆ ಯಾವ ಮಾತು ಆಡಿಯಾರು? ಜೀಡಿಮೆಟ್ಲಾದ ಗೇಟಿನಲ್ಲಿ ಕೂಗುವವನಿಗೆ ಶಾಸನದ ವರ್ಷ ಗೊತ್ತಿರಲಿಕ್ಕಿಲ್ಲ. ಅನ್ಯಾಯದ ಹೆಸರು ಮಾತ್ರ ಅವನಿಗೆ ಸರಿಯಾಗಿ ಗೊತ್ತು.