ಮನೆವಾರ್ತೆಯ ಲೆಕ್ಕ

ರೇಡಿಯೋ ಇರುವ ಮನೆಯಲ್ಲಿ ‘ವಾರ್ತೆ’ ಎಂಬ ಮಾತನ್ನು ಕೇಳದವರಿಲ್ಲ. ವಾರ್ತೆ ಎಂದೊಡನೆ ದೇಶವಿದೇಶಗಳ ಸುದ್ದಿ ನಮ್ಮ ನೆನಪಿಗೆ ಬರುತ್ತದೆ. ಆದರೆ ಈ ಮಾತಿಗೆ ಇನ್ನೊಂದು ಹಳೆಯ ಅರ್ಥವುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ವಿದ್ಯೆಗಳನ್ನು ಎಣಿಸಿದೆ. ಅವುಗಳಲ್ಲಿ ‘ವಾರ್ತಾ’ ಎಂಬುದೂ ಒಂದು. ಬೇಸಾಯ, ಪಶುಪಾಲನೆ, ವ್ಯಾಪಾರ, ಒಟ್ಟಿನಲ್ಲಿ ಜೀವನೋಪಾಯದ ವಿದ್ಯೆ ಎಂದು ಅದರ ಅರ್ಥ. ಆ ಅರ್ಥವನ್ನು ಉಳಿಸಿಕೊಂಡಿರುವ ಒಂದು ಕನ್ನಡ ಮಾತು ‘ಮನೆವಾರ್ತೆ’. ಮನೆಯ ಆದಾಯ ವೆಚ್ಚ, ಕಾಳುಕಡ್ಡಿ, ಕೊಡುವುದು ಕೊಳ್ಳುವುದು, ಇವೆಲ್ಲವುಗಳ ಆಡಳಿತವೇ ಮನೆವಾರ್ತೆ. ದಿನಬಳಕೆಯಲ್ಲಿ ಈ ಮಾತು ಹೆಚ್ಚುಕಡಿಮೆ ಮರೆಯಾಗಿದ್ದರೂ ಕನ್ನಡ ಬೈಬಲನ್ನು ಓದುವವರಿಗೆ ಇಂದಿಗೂ ಪರಿಚಿತವಾದುದು. ದೊಡ್ಡ ಮನೆಯೊಂದರ ಆಸ್ತಿಯನ್ನು ಯಜಮಾನನ ಪರವಾಗಿ ನೋಡಿಕೊಳ್ಳುವವನನ್ನು ಅಲ್ಲಿ ‘ಮನೆವಾರ್ತೆಯವನು’ ಎಂದು ಕರೆದಿದೆ.

ಈ ಮನೆವಾರ್ತೆಯವನ ಕೈಯಲ್ಲಿ ಹಣವಿರುತ್ತದೆ, ಬೀಗದ ಕೈ ಇರುತ್ತದೆ. ಆದರೆ ಯಾವುದೂ ಅವನ ಸ್ವಂತದ್ದಲ್ಲ. ಯಜಮಾನನು ಯಾವ ದಿನ ಬೇಕಾದರೂ ಕರೆಸಿ ಲೆಕ್ಕ ಒಪ್ಪಿಸೆಂದು ಕೇಳಬಹುದು. ಕ್ರೈಸ್ತರು ಹಣದ ವಿಷಯದಲ್ಲಿ ತಮ್ಮನ್ನು ಹೀಗೆಯೇ ತಿಳಿದುಕೊಳ್ಳಬೇಕೆಂದು ನಮ್ಮ ಹಿರಿಯರು ಕಲಿಸಿದರು. ಸಂಬಳದ ಹಣ ನನ್ನ ಕೈಗೆ ಬಂದದ್ದು. ಆದರೆ ನನಗೇ ಎಂದು ಬಂದದ್ದಲ್ಲ. ಸ್ವಲ್ಪವನ್ನು ನೆಚ್ಚಿಕೆಯಿಂದ ನೋಡಿಕೊಂಡವನು ಹೆಚ್ಚಿನದನ್ನೂ ಹಾಗೆಯೇ ನೋಡಿಕೊಳ್ಳುವನೆಂದು ಯೇಸುಸ್ವಾಮಿ ಹೇಳಿದ್ದು ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿದೆ.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವನು. ಕನ್ನಡ ಪಂಡಿತನಾಗಿ ತರಬೇತು ಹೊಂದಿ ಬಹುಕಾಲದಿಂದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿರುವವನು. ‘ಮನೆವಾರ್ತೆ’ ಎಂಬ ಮಾತಿನ ಅರ್ಥವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆ ಅರ್ಥ ನನ್ನ ಮನೆಯೊಳಕ್ಕೆ ಬಂದುದು ಮಾತ್ರ ಬಹಳ ತಡವಾಗಿ. ಅದು ಬಂದ ಬಗೆಯನ್ನು ಹೇಳಬೇಕೆಂದೇ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ತಿಂಗಳ ಹದಿನಾರನೆಯ ತಾರೀಖು, ಸಂಜೆ. ನಮ್ಮ ಶಾಲೆಯ ಜವಾನ ಮನೆಯ ಬಾಗಿಲಿಗೆ ಬಂದು ನಿಂತ. ಮಗುವಿಗೆ ವಿಷಮಜ್ವರ, ಆಸ್ಪತ್ರೆಗೆ ಸೇರಿಸಿದ್ದ. ಎರಡು ಸಾವಿರ ರೂಪಾಯಿ ಬೇಕಾಗಿತ್ತು. ಸಂಬಳ ಬಂದು ಹದಿನೈದು ದಿನ ಕಳೆದಿತ್ತು. ನಾನು, “ಈಗ ಕೈಯಲ್ಲಿಲ್ಲವಲ್ಲಪ್ಪ” ಎಂದೆ. ಅದು ಸುಳ್ಳಲ್ಲ, ನಿಜವಾಗಿಯೂ ಇರಲಿಲ್ಲ. “ಇರಲಿ ಬಿಡಿ ಸಾರ್” ಎಂದು ಅವನು ಮೆಟ್ಟಿಲಿಳಿದು ಹೋದ. ನಾನು ಒಳಕ್ಕೆ ಬಂದೆ. ಎದುರಿಗೆ ಗೋಡೆಯ ಮೇಲೆ ಕಂತಿನಲ್ಲಿ ಕೊಂಡ ಹೊಸ ಟೆಲಿವಿಷನ್ ಇತ್ತು. ಹಳೆಯದು ಕೆಟ್ಟಿರಲಿಲ್ಲ, ಚಿಕ್ಕದಾಗಿತ್ತು, ಅಷ್ಟೆ. ಹಣ ಏಕೆ ಇಲ್ಲವೆಂದು ಯಾರಾದರೂ ಆ ಗಳಿಗೆಯಲ್ಲಿ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕ ಕೇಳಿದಾಗ ತಬ್ಬಿಬ್ಬಾದ ಮನೆವಾರ್ತೆಯವನ ಕಥೆಯನ್ನು ನಾನು ಎಷ್ಟು ಸಲ ಓದಿದ್ದೆನೊ! ಆ ರಾತ್ರಿ ಅದು ನನ್ನ ಕಥೆಯೇ ಆಗಿತ್ತು.

ಹಿಂದೆಯೂ ನಾನು ಶಪಥಗಳನ್ನು ಮಾಡಿದ್ದುಂಟು. ಹೊಸ ವರ್ಷದ ಆರಾಧನೆಯಿಂದ ಬಂದವನೇ, ಇನ್ನು ಅರ್ಧ ಸಂಬಳ ಉಳಿಸುವೆನೆಂದು ಸಾರಿದ್ದೆ. ಆ ಶಪಥಕ್ಕೆ ಹದಿನೈದು ದಿನದ ಆಯುಷ್ಯ. ಈ ಸಲ ನನ್ನ ಹೆಂಡತಿ ಬೇರೊಂದು ಉಪಾಯ ಹೇಳಿದಳು. “ಒಂದು ತಿಂಗಳು ಏನನ್ನೂ ಬಿಡಬೇಡಿ, ಏನನ್ನೂ ಬದಲಾಯಿಸಬೇಡಿ. ಖರ್ಚಾದುದನ್ನು ಬರೆಯಿರಿ, ಸಾಕು” ಎಂದಳು. ಮಕ್ಕಳ ಹಳೆಯ ನೋಟುಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಟ್ಟಳು. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಕುಳಿತು ಐದು ನಿಮಿಷ ಬರೆಯುವುದೆಂದಾಯಿತು.

ತಿಂಗಳ ಕೊನೆಗೆ ಕೂಡಿ ನೋಡಿದೆವು. ನಮ್ಮ ಮನೆಯಲ್ಲಿ ಯಾವ ದುಶ್ಚಟವೂ ಇಲ್ಲ. ಆದರೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲದೆ ಹೋದ ಹಣದ ಪಟ್ಟಿ ಇದು: ಶಾಲೆ ಬಿಟ್ಟ ಮೇಲೆ ಹೋಟೆಲಿನ ಕಾಫಿ ತಿಂಡಿ, ದಿನಕ್ಕೆ ೪೦ ರೂಪಾಯಿಯಂತೆ ೨೨ ದಿನಕ್ಕೆ ೮೮೦. ನಡೆಯಬಹುದಾದ ದಾರಿಗೆ ಆಟೋ, ೧೬ ಸಲಕ್ಕೆ ೬೪೦. ಯಾರೂ ನೋಡದ ಎರಡು ಮೊಬೈಲ್ ಚಂದಾಗಳು, ೩೫೦. ಹೊತ್ತಿಗೆ ಸರಿಯಾಗಿ ಕಟ್ಟದೆ ಹೋದ ಬಿಲ್ಲುಗಳ ದಂಡ, ೧೨೦. ಒಟ್ಟು ೧,೯೯೦ ರೂಪಾಯಿ. ಜವಾನ ಕೇಳಿದ್ದ ಮೊತ್ತಕ್ಕೆ ಹತ್ತೇ ರೂಪಾಯಿ ಕಡಿಮೆ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಅಂದಿನಿಂದ ತಿಂಗಳಿಗೆ ಒಂದು ಬದಲಾವಣೆ ಎಂದು ಗೊತ್ತು ಮಾಡಿಕೊಂಡೆವು. ಒಂದೇ ಒಂದು, ಎರಡಲ್ಲ.

ಮೊದಲನೆಯ ತಿಂಗಳು, ಕೊಡುವ ಪಾಲನ್ನೂ ಉಳಿಸುವ ಪಾಲನ್ನೂ ಸಂಬಳ ಬಂದ ದಿನವೇ ತೆಗೆದಿಡುವುದು. ಆದಾಯದಲ್ಲಿ ಹತ್ತರಲ್ಲೊಂದು ಪಾಲು ದೇವರ ಕೆಲಸಕ್ಕೆ ಎಂಬುದು ನಮ್ಮ ಸಭೆಗಳಲ್ಲಿ ರೂಢಿಯ ಮಾತು. ಕಂತಿನ ಸಾಲದಲ್ಲಿದ್ದ ನಮಗೆ ಅದು ಆಗ ಎಟುಕದು. ನೂರಕ್ಕೆ ಎರಡರಿಂದ ಆರಂಭಿಸಿದೆವು. ಕೊನೆಯಲ್ಲಿ ಉಳಿದರೆ ಕೊಡೋಣ ಎಂದುಕೊಂಡಷ್ಟು ಕಾಲವೂ ಉಳಿದದ್ದೇ ಇಲ್ಲ. ಮೊದಲು ತೆಗೆದಿಟ್ಟಾಗ ಕೊರತೆಯಾದದ್ದೂ ಇಲ್ಲ. ಎರಡನೆಯ ತಿಂಗಳು, ಚೀಟಿ ಬರೆದುಕೊಂಡು ವಾರಕ್ಕೊಮ್ಮೆ ಅಂಗಡಿಗೆ ಹೋಗುವುದು. ಮೂರನೆಯ ತಿಂಗಳು ಫೋನಿನ ಸರದಿ. ಯು.ಪಿ.ಐ. ಪದ್ಧತಿ ೨೦೧೬ರಲ್ಲಿ ಬಂದಮೇಲೆ ಹಣ ಕೊಡುವುದು ಬಹು ಸುಲಭವಾಗಿದೆ. ಆದರೆ ನೋಟು ಕೈಬಿಟ್ಟು ಹೋಗುವಾಗ ಬೆರಳಿಗೆ ತಿಳಿಯುತ್ತಿದ್ದುದು ಈಗ ತಿಳಿಯುವುದಿಲ್ಲ. ಆದುದರಿಂದ ಫೋನಿಗೆ ಸೇರಿಸಿದ ಖಾತೆಯಲ್ಲಿ ವಾರದ ಕೈಖರ್ಚನ್ನು ಮಾತ್ರ ಇಟ್ಟು, ಮಿಕ್ಕುದನ್ನು ಬೇರೆ ಖಾತೆಯಲ್ಲಿ ಬಿಟ್ಟೆವು. ನಾಲ್ಕನೆಯದು, ಹಳೆಯ ಕಂತು ತೀರುವ ತನಕ ಹೊಸ ಕಂತು ಇಲ್ಲವೆಂಬ ಕಟ್ಟು. ಗೋಪುರ ಕಟ್ಟುವವನು ಮೊದಲು ಕುಳಿತು ವೆಚ್ಚವನ್ನು ಎಣಿಸಬೇಡವೆ ಎಂದು ಸುವಾರ್ತೆಯಲ್ಲಿ ಒಂದು ಪ್ರಶ್ನೆಯುಂಟು. ನಾವು ಟೆಲಿವಿಷನ್ ಕೊಂಡು ತಂದು, ಗೋಡೆಗೆ ತಗುಲಿಸಿ, ಆಮೇಲೆ ಎಣಿಸಿದವರು.

ಇವು ಸಣ್ಣ ಸಂಗತಿಗಳು; ಇಷ್ಟರಿಂದ ಏನಾದೀತು ಎಂದು ನಿಮಗೆ ತೋರಬಹುದು. ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯಲ್ಲಿ ಹೆನ್ರಿ ಡಂಕನ್ ಎಂಬ ಪಾದ್ರಿ ಇದ್ದರು. ಅವರ ಸಭೆಯವರು ಬಡವರು. ಅಂದಿನ ಬ್ಯಾಂಕುಗಳಲ್ಲಿ ಹಣವಿಡಬೇಕಾದರೆ ೧೦ ಪೌಂಡಾದರೂ ಬೇಕು; ಕೂಲಿಯವನು ಅಷ್ಟನ್ನು ಒಟ್ಟಿಗೆ ಕಾಣುವುದೆಂದು? ೧೮೧೦ರಲ್ಲಿ ಡಂಕನ್ ಒಂದು ಉಳಿತಾಯದ ಬ್ಯಾಂಕನ್ನು ತೆರೆದು, ಆರು ಪೆನ್ಸ್ ತಂದರೂ ತೆಗೆದುಕೊಳ್ಳುವುದೆಂದು ನಿಯಮ ಮಾಡಿದರು. ಆರು ಪೆನ್ಸ್ ಎಂದರೆ ೧೦ ಪೌಂಡಿನ ನಾನೂರರಲ್ಲಿ ಒಂದು ಪಾಲು. ಹಣದ ಪೆಟ್ಟಿಗೆಗೆ ಮೂರು ಬೀಗ. ಮೂವರು ಕೂಡಿದರೆ ಮಾತ್ರ ತೆರೆಯಬಹುದು. ಬಡವನ ಆರು ಕಾಸನ್ನೂ ಅಷ್ಟು ಜಾಗ್ರತೆಯಿಂದ ಕಾಯಬೇಕೆಂಬ ಭಾವ ಆ ಮೂರು ಬೀಗಗಳಲ್ಲಿದೆ. ಅಲ್ಲಿಂದ ಇಂಥ ಬ್ಯಾಂಕುಗಳು ಹಲವು ಕಡೆ ಹಬ್ಬಿದವು. ನಮ್ಮ ದೇಶದಲ್ಲಿಯೂ ೧೮೮೨ರಲ್ಲಿ ಅಂಚೆ ಕಛೇರಿಯ ಉಳಿತಾಯ ಬ್ಯಾಂಕು ಆರಂಭವಾಯಿತು. ಇಂದು ಅಂಚೆಯ ಆವರ್ತ ಠೇವಣಿಗೆ ತಿಂಗಳಿಗೆ ೧೦೦ ರೂಪಾಯಿ ಕಟ್ಟಿದರೂ ಆಗುತ್ತದೆ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಹೆಂಗಸರು ಅಡಿಗೆಗೆ ಅಕ್ಕಿ ತೆಗೆದುಕೊಳ್ಳುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ಅದನ್ನು ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಸಭೆಯ ಕೆಲಸಕ್ಕೆ ಕೊಡುತ್ತಾರೆ. ೧೯೧೦ರಲ್ಲಿ, ಕೊಡಲು ನಾಣ್ಯವಿಲ್ಲದ ಕಾಲದಲ್ಲಿ ಆರಂಭವಾದ ಈ ಪದ್ಧತಿಯಿಂದ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಒಂದು ಹಿಡಿ ಅಕ್ಕಿ ಕಡಿಮೆಯಾದುದರಿಂದ ಯಾವ ಮನೆಯ ಅನ್ನವೂ ಕಡಿಮೆಯಾಗಲಿಲ್ಲ.

ಸಂಬಳ ಸಾಲದೆಂಬುದೇ ನಮ್ಮ ತೊಂದರೆಗೆ ಕಾರಣವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಇದಕ್ಕೆ ಉತ್ತರವಾಗಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯವರು ತಮ್ಮ ಒಂದು ಪ್ರಸಂಗದಲ್ಲಿ ಒಬ್ಬ ತರುಣನ ಲೆಕ್ಕವನ್ನು ಕೊಟ್ಟಿದ್ದಾರೆ. ಆ ತರುಣ ವೆಸ್ಲಿಯವರೇ ಎಂದು ಬಲ್ಲವರು ಹೇಳುತ್ತಾರೆ. ಅವನ ವರಮಾನ ವರ್ಷಕ್ಕೆ ೩೦ ಪೌಂಡು. ೨೮ರಲ್ಲಿ ಜೀವಿಸಿ ೨ನ್ನು ದಾನ ಮಾಡಿದ. ಮರುವರ್ಷ ೬೦ ಬಂತು; ಆಗಲೂ ೨೮ರಲ್ಲಿಯೇ ಜೀವಿಸಿ ೩೨ನ್ನು ಕೊಟ್ಟ. ಮೂರನೆಯ ವರ್ಷ ೯೦, ನಾಲ್ಕನೆಯ ವರ್ಷ ೧೨೦. ಖರ್ಚು ಮಾತ್ರ ೨೮ನ್ನು ಬಿಟ್ಟು ಮೇಲೇರಲಿಲ್ಲ. ಮಕ್ಕಳೊಂದಿಗರಾದ ನಮಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ವರ್ಷದ ಬಡ್ತಿ ಬಂದಾಗ ಅದರಲ್ಲಿ ಅರ್ಧವನ್ನಾದರೂ ಬರಲಿಲ್ಲವೆಂದೇ ಎಣಿಸಿ ತೆಗೆದಿಡಲು ಸಾಧ್ಯ. ನಾವು ನೂರಕ್ಕೆ ಎರಡರಿಂದ ಹತ್ತಕ್ಕೆ ಬಂದದ್ದು ಹೀಗೆಯೆ, ಐದು ವರ್ಷಗಳಲ್ಲಿ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಬೇಕು. ದೇವರಿಗೆ ಹತ್ತು ಕೊಟ್ಟರೆ ನೂರಾಗಿ ಹಿಂದಕ್ಕೆ ಬರುವುದೆಂದು ಕೆಲವರು ಬೋಧಿಸುವುದುಂಟು. ಅದು ಭಕ್ತಿಯಲ್ಲ, ಬಡ್ಡಿ ವ್ಯಾಪಾರ. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ಯೇಸುಸ್ವಾಮಿ ಮೆಚ್ಚಿದರು; ಆಮೇಲೆ ಅವಳು ಧನಿಕಳಾದಳೆಂದು ಎಲ್ಲಿಯೂ ಹೇಳಿಲ್ಲ. ಎರಡನೆಯದಾಗಿ, ಮಿತವ್ಯಯದ ಈ ಉಪದೇಶ ಎರಡು ಹೊತ್ತಿನ ಊಟಕ್ಕೇ ಗತಿಯಿಲ್ಲದವರಿಗೆ ಸಲ್ಲುವುದಲ್ಲ. ಅವರು ಬರೆದಿಡಬೇಕಾದ ವ್ಯರ್ಥ ಖರ್ಚು ಏನಿದ್ದೀತು? ಇದು ತಿಂಗಳ ಸಂಬಳ ಬಂದರೂ ‘ಕೈಯಲ್ಲಿಲ್ಲ’ ಎನ್ನುವ ನನ್ನಂಥವರಿಗಾಗಿ ಹೇಳಿದ ಮಾತು. ನಾನು ಕ್ರೈಸ್ತರ ಮಾತುಗಳಲ್ಲಿ ಹೇಳಿದ್ದೇನೆ. ಏಕೆಂದರೆ ನಾನು ಬಲ್ಲುದು ಅದು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಶರಣರು ಕಲಿಸಿದ ನಾಡಿನಲ್ಲಿ ಇದು ಯಾರಿಗೂ ಹೊಸದಾಗಿ ಕೇಳಿಸಲಾರದು.

ಆ ಜವಾನನ ವಿಷಯ ಹೇಳಿ ಮುಗಿಸುತ್ತೇನೆ. ಮಗು ಗುಣವಾಯಿತು. ಅವನು ಅಂದೇ ರಾತ್ರಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ಸಾಲ ತಂದಿದ್ದನೆಂದು ನನಗೆ ತಿಳಿದದ್ದು ಐದಾರು ತಿಂಗಳ ಮೇಲೆ. ಎರಡು ಸಾವಿರಕ್ಕೆ ತಿಂಗಳಿಗೆ ನೂರು ರೂಪಾಯಿ. ಆರು ತಿಂಗಳಲ್ಲಿ ಆರುನೂರು ಕಟ್ಟಿದ್ದ. ಅಸಲು ಎರಡು ಸಾವಿರ ಹಾಗೆಯೇ ನಿಂತಿತ್ತು. ನನ್ನ ಅಜಾಗ್ರತೆಗೆ ಬಡ್ಡಿ ತೆತ್ತವನು ಅವನು! ಅಷ್ಟು ಹೊತ್ತಿಗೆ ನಮ್ಮ ಡಬ್ಬಿಯಲ್ಲಿ ಆ ಮೊತ್ತ ಕೂಡಿತ್ತು. ಕೊಂಡುಹೋಗಿ ಅವನ ಮುಂದೆ ಇಟ್ಟೆ. ದಾನವೆಂದರೆ ಬೇಡವೆಂದ. ಬಡ್ಡಿಯಿಲ್ಲದ ಕೈಗಡವೆಂದ ಮೇಲೆ ತೆಗೆದುಕೊಂಡ. ತಿಂಗಳಿಗೆ ಇನ್ನೂರರಂತೆ ಹತ್ತು ತಿಂಗಳಲ್ಲಿ, ಒಂದು ತಿಂಗಳೂ ತಪ್ಪದೆ, ತೀರಿಸಿದ. ಸ್ವಲ್ಪದರಲ್ಲಿ ನೆಚ್ಚಿಕೆ ಎಂದರೇನೆಂದು ನಾನು ನಿಜವಾಗಿ ಕಲಿತದ್ದು ಅವನಿಂದ.

ಆ ಎರಡು ಸಾವಿರ ಅಂದಿನಿಂದ ನಮ್ಮ ಮನೆಯಲ್ಲಿ ಕೈಗಡದ ಹಣವಾಗಿಯೇ ಉಳಿದಿದೆ. ಈಚೆಗೆ ಸ್ವಲ್ಪ ಬೆಳೆದೂ ಇದೆ. ಯಾರಾದರೂ ಬಾಗಿಲಿಗೆ ಬಂದು ಕಷ್ಟ ಹೇಳಿಕೊಂಡಾಗ ನನ್ನ ಹೆಂಡತಿ ನನ್ನ ಮುಖ ನೋಡುವುದಿಲ್ಲ. ಎದ್ದು ಒಳಕ್ಕೆ ಹೋಗುತ್ತಾಳೆ.

ಶ್ರೋತೃಗಳೆ, ಈ ರಾತ್ರಿ ಮಲಗುವ ಮುನ್ನ ನೀವೂ ಒಂದು ಹಳೆಯ ನೋಟುಬುಕ್ಕು ಹುಡುಕಿ, ಇಂದಿನ ಖರ್ಚನ್ನು ಬರೆದಿಡಿ. ಏನನ್ನೂ ಬಿಡಬೇಡಿ, ಯಾವ ಶಪಥವನ್ನೂ ಮಾಡಬೇಡಿ. ಬರೆಯಿರಿ, ಸಾಕು.