ಶಸ್ತ್ರಕ್ರಿಯೆಯ ಅನಂತರದ ಎದೆಬಡಿತ
(ಕುರನೂರದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಈ ವಿಷಯವೇಕೆಂದು ಕೆಲವರು ಕೇಳಬಹುದು. ತಾಯಿ ಹಾಸಿಗೆ ಹಿಡಿದ ಮನೆಯಲ್ಲಿ ಮೊದಲು ನಿಲ್ಲುವುದು ಹಿರಿಯ ಮಗಳ ಶಾಲೆ. ಆದುದರಿಂದ ನಾಚಿಕೆಯಿಂದ ಮುಚ್ಚಿಡುವ ಈ ಮಾತನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಗರ್ಭಚೀಲದ ಎರಡು ಬದಿಗೆ ಬಾದಾಮಿಯಷ್ಟು ಗಾತ್ರದ ಎರಡು ಅಂಡಾಶಯಗಳುಂಟು. ಅವು ಎಸ್ಟ್ರೋಜೆನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಕೊಡುತ್ತವೆ. ಎಲುಬು, ರಕ್ತನಾಳ, ನಿದ್ರೆ, ಮೈಯ ಕಾವು ಇವೆಲ್ಲವೂ ಅವುಗಳ ಪ್ರಭಾವಕ್ಕೊಳಪಟ್ಟಿವೆ. ವಯಸ್ಸಿಗನುಸಾರವಾಗಿ ಮುಟ್ಟು ನಿಲ್ಲುವಾಗ ಎಸ್ಟ್ರೋಜೆನ್ ಕೆಲವು ವರ್ಷಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದರೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಬೋರಿ ಹೊಳೆ ದಿನದಿನಕ್ಕೆ ಬತ್ತುವುದು ಬೇರೆ, ಕಾಲುವೆಯ ಬಾಗಿಲನ್ನು ಒಮ್ಮೆಲೆ ಮುಚ್ಚುವುದು ಬೇರೆ.

ಆಗ ಮೈಯೆಲ್ಲ ಕಾವೇರಿ ಬೆವರುವುದು, ನಿದ್ರೆ ಬಾರದಿರುವುದು, ಎದೆ ಡವಡವ ಹೊಡೆದುಕೊಳ್ಳುವುದು ಉಂಟಾಗುತ್ತದೆ. ಇದು ಸೋಗೂ ಅಲ್ಲ, ದೆವ್ವದ ಕಾಟವೂ ಅಲ್ಲ. ಒಂದು ಅಂಡಾಶಯ ಉಳಿದಿದ್ದರೆ ಸಾಮಾನ್ಯವಾಗಿ ಅದೇ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಆದುದರಿಂದ 'ಚೀಲ ತೆಗೆಸಿದೆ' ಎಂದಷ್ಟೇ ಹೇಳಿದರೆ ಸಾಲದು. ಯಾವ ಅಂಗವನ್ನು ತೆಗೆದರೆಂಬ ಕಾಗದವನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನವಾಗಿಡಬೇಕು.

ಆದರೂ ಎದೆಬಡಿತವೆಲ್ಲ ಹಾರ್ಮೋನಿನದೇ ಎಂದು ಸುಮ್ಮನಿರಲಾಗದು. ರಕ್ತಹೀನತೆ, ಥೈರಾಯ್ಡ್ ದೋಷ, ಜ್ವರ, ಚಿಂತೆ, ಹೃದಯದ ರೋಗ ಇವೂ ಕಾರಣವಾಗಬಹುದು. ರಕ್ತಪರೀಕ್ಷೆ ಮತ್ತು ಇ.ಸಿ.ಜಿ.ಯಿಂದ ಬಹುಮಟ್ಟಿಗೆ ತಿಳಿದುಬರುತ್ತದೆ. ಎದೆನೋವು, ಉಸಿರುಗಟ್ಟುವಿಕೆ, ಮೂರ್ಛೆ, ಒಂದೇ ಕಾಲಿನ ಬಾವು ಕಂಡರೆ ಒಂದು ಗಳಿಗೆಯೂ ತಡೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಕ್ರಿಯೆಯ ಅನಂತರ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಒಮ್ಮೊಮ್ಮೆ ಶ್ವಾಸಕೋಶವನ್ನು ಸೇರುವುದುಂಟು.

45 ವರ್ಷಕ್ಕೆ ಮುಂಚೆ ಎರಡೂ ಅಂಡಾಶಯಗಳನ್ನು ಕಳೆದುಕೊಂಡವರಿಗೆ ಮುಂದೆ ಎಲುಬು ಸವೆಯುವ, ಹೃದಯರೋಗ ಬರುವ ಭಯ ಹೆಚ್ಚು. ಸ್ತನದ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆಯನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಅದನ್ನು ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಅಂಗಡಿಯಿಂದ ತಾವಾಗಿ ತರಬಾರದು.

ಕ್ಯಾನ್ಸರಿಗೋ ತಿರುಚಿಕೊಂಡ ಗಡ್ಡೆಗೋ ಶಸ್ತ್ರಕ್ರಿಯೆ ಪ್ರಾಣವನ್ನುಳಿಸುತ್ತದೆ. ಆದರೆ ಅನಾವಶ್ಯಕ ಶಸ್ತ್ರಕ್ರಿಯೆಗಳೂ ನಡೆದಿವೆ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳ ಅನೇಕ ಸ್ತ್ರೀಯರ ಗರ್ಭಚೀಲಗಳನ್ನು ಕಾರಣವಿಲ್ಲದೆ ತೆಗೆದ ಸಂಗತಿ 2015ರ ಸುಮಾರಿಗೆ ತನಿಖೆಗೊಳಗಾಯಿತು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಇಂಥದೇ ಪ್ರಕರಣಕ್ಕಾಗಿ 2019ರಲ್ಲಿ ಮಹಾರಾಷ್ಟ್ರ ಸರಕಾರವು ಸಮಿತಿಯನ್ನು ನೇಮಿಸಿತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಅಪ್ಪಣೆಮಾಡಿತು. ತುರ್ತಿಲ್ಲದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಕೇಳುವುದು ಅಗೌರವವಲ್ಲ. 'ಅಂಡಾಶಯವನ್ನು ಉಳಿಸಬಹುದೇ?' ಎಂದು ಕೇಳುವುದು ತಾಯಂದಿರ ಹಕ್ಕು.

ವಿದ್ಯಾರ್ಥಿಗಳೇ, ನಿಮ್ಮಿಂದಲೂ ಒಂದು ಉಪಕಾರವಾಗಬೇಕು. ತಾಯಿಗೆ ಎದೆ ಹೊಡೆದುಕೊಂಡಾಗ ಮಣಿಕಟ್ಟಿನ ನಾಡಿಯನ್ನು ಗಡಿಯಾರ ನೋಡಿ ಪೂರ್ಣ ಒಂದು ನಿಮಿಷ ಎಣಿಸಿರಿ. ವಿಶ್ರಾಂತಿಯಲ್ಲಿ 60ರಿಂದ 100 ಇರುವುದು ಸಹಜ. ದಿನಾಂಕ, ವೇಳೆ, ಎಣಿಕೆಗಳನ್ನು ವಹಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನೀವು ಕಲಿತ ಅಂಕಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ?

ಪಾಲಕರೇ, ತಾಯಿಯ ಮಾತನ್ನು ನಂಬಿರಿ, ಮಗಳನ್ನು ಶಾಲೆ ಬಿಡಿಸಬೇಡಿರಿ. ಇಷ್ಟನ್ನು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.