ಹನ್ನೊಂದನೆಯ ಸಂಕೇತ



ಮಹಾರಾಷ್ಟ್ರ, ತೆಲಂಗಾಣಗಳೆರಡರ ಎಲ್ಲೆಯನ್ನೂ ಮುಟ್ಟುವ ಔರಾದ ತಾಲ್ಲೂಕಿನ ಎಕಂಬಾದಲ್ಲಾಗಲಿ, ಕಾರಂಜಾ ಜಲಾಶಯವಿರುವ ಭಾಲ್ಕಿ ಸೀಮೆಯಲ್ಲಾಗಲಿ, ಮಿರಗದ ಮಳೆ ಬಿದ್ದು ಸೋಯಾ, ಉದ್ದು, ಹೆಸರು, ತೊಗರಿಗಳ ಬಿತ್ತನೆ ಮುಗಿದ ಮೇಲೆ, ರೈತನ ಭಾಗ್ಯವನ್ನು ಆಕಾಶದೊಡನೆ ಇನ್ನೊಂದು ವಸ್ತುವೂ ನಿರ್ಧರಿಸುವ ಕಾಲ ಈಗ ಬಂದಿದೆ. ರಾಜ್ಯದ ಗ್ರಾಮಪಂಚಾಯಿತಿಗಳಲ್ಲಿ ಸ್ಥಾಪಿತವಾಗಿ, ಹದಿನೈದು ನಿಮಿಷಗಳಿಗೊಮ್ಮೆ ಬೆಂಗಳೂರಿಗೆ ವರ್ತಮಾನ ಕಳುಹಿಸತಕ್ಕ ಮಳೆಮಾಪಕ ಯಂತ್ರವೇ ಆ ವಸ್ತು. ಯಂತ್ರವು ಕಳುಹಿಸುವುದು ಕೇವಲ ಅಂಕೆ ಮತ್ತು ಸಂಕೇತ. ಅದನ್ನು ‘ಸುಸ್ಥಿತಿ’, ‘ಎಚ್ಚರ’, ‘ವಿಪತ್ತು’ ಎಂಬ ಸ್ಥಿತಿಗಳಾಗಿ ಮಾರ್ಪಡಿಸುವ ವಿದ್ಯೆ ಬೇರೆಯೇ ಒಂದುಂಟು. ಆ ವಿದ್ಯೆಯ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಈ ವಿದ್ಯೆ ಬೆಳೆದದ್ದು ಸಮುದ್ರದ ಮೇಲೆ. 1806ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟನು ಗಾಳಿಯ ಬಲವನ್ನು ಸೊನ್ನೆಯಿಂದ ಮೇಲ್ಮೇಲಕ್ಕೆ ಕ್ರಮಾಂಕಗಳಾಗಿ ವಿಂಗಡಿಸಿದನು. 1861ರಲ್ಲಿ ರಾಬರ್ಟ್ ಫಿಟ್ಸ್‌ರಾಯ್ ತಂತಿಯ ಮೂಲಕ ನಾನಾ ಠಾಣೆಗಳ ವರ್ತಮಾನವನ್ನು ಒಂದೆಡೆ ಸಂಗ್ರಹಿಸಿ, ಬಿರುಗಾಳಿಯ ಶಂಕೆಯಿದ್ದಲ್ಲಿ ಬಂದರುಗಳ ಸ್ತಂಭಗಳ ಮೇಲೆ ಶಂಕುಗಳನ್ನು ಏರಿಸುವ ಪದ್ಧತಿಯನ್ನು ಆರಂಭಿಸಿದನು. ಅಕ್ಷರಜ್ಞಾನವಿಲ್ಲದ ಬೆಸ್ತನಿಗೂ ಅದರ ಅರ್ಥ ದೂರದಿಂದಲೇ ತಿಳಿಯುತ್ತಿತ್ತು.

ನಮ್ಮ ದೇಶದಲ್ಲಿ 1864ರ ಅಕ್ಟೋಬರಿನ ಚಂಡಮಾರುತವು ಕಲಕತ್ತೆಯನ್ನು ಧ್ವಂಸಮಾಡಿ ಸಾವಿರಾರು ಪ್ರಾಣಗಳನ್ನು ಅಪಹರಿಸಿದ ಮರುವರ್ಷ ಆ ಬಂದರಿನಲ್ಲಿ ಮುನ್ಸೂಚನೆಯ ಏರ್ಪಾಡು ಮೊದಲಾಯಿತು. 1875ರಲ್ಲಿ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಕ್ರಮೇಣ ಎಲ್ಲ ಬಂದರುಗಳಿಗೂ ಏಕರೂಪವಾದ ಸಂಕೇತಮಾಲೆಯೊಂದು ಸಿದ್ಧವಾಯಿತು. ಹಗಲಿನಲ್ಲಿ ಶಂಕು ಮತ್ತು ಉರುಳೆಯಾಕಾರದ ಚಿಹ್ನೆಗಳು, ಇರುಳಿನಲ್ಲಿ ಕೆಂಪು-ಬಿಳಿಯ ದೀಪಗಳು. ಒಟ್ಟು ಹನ್ನೊಂದು ಸಂಕೇತಗಳು. ನಮ್ಮ ಕಾರವಾರ, ಮಂಗಳೂರುಗಳ ನಾವಿಕರು ಇಂದಿಗೂ ಇವುಗಳನ್ನು ಬಲ್ಲರು. ಒಂದನೆಯದು ದೂರದ ಕಡಲಿನಲ್ಲಿ ವಾಯುಭಾರ ಕುಸಿದಿರುವುದನ್ನು ಹೇಳಿದರೆ, ಮೂರನೆಯದು ಬಂದರಿಗೇ ಬಿರುಸುಗಾಳಿಯ ಭಯವಿದೆಯೆಂದು ತಿಳಿಸುತ್ತದೆ. ಎಂಟು, ಒಂಬತ್ತು, ಹತ್ತು ಮಹಾವಿಪತ್ತಿನವು. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಕರ್ಷಿಸಿದುದು ಹನ್ನೊಂದನೆಯದು. ಹವಾಮಾನ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ, ಹವೆ ಕೆಡುವ ಸಂಭವವುಂಟೆಂದು ಸ್ಥಳೀಯ ಅಧಿಕಾರಿಯು ಭಾವಿಸಿದ್ದಾನೆ ಎಂಬುದೇ ಅದರ ತಾತ್ಪರ್ಯ. ವರ್ತಮಾನ ಬಾರದಿರುವುದನ್ನು ಕ್ಷೇಮವೆಂದು ಎಣಿಸದೆ, ಆ ಮೌನಕ್ಕೂ ಒಂದು ಸ್ಥಾನವನ್ನು, ಅದೂ ಹತ್ತನೆಯ ಮಹಾಭಯದ ಮುಂದಿನ ಸ್ಥಾನವನ್ನು ಕೊಟ್ಟ ಆ ವಿವೇಕವು ಅಸಾಧಾರಣವಾದುದೆಂದು ನಾನು ಬಗೆಯುತ್ತೇನೆ.

ಯಂತ್ರಗಳೇ ಯಂತ್ರಗಳನ್ನು ಕಾಯತೊಡಗಿದ ಕಾಲದಲ್ಲಿ ಈ ವಿವೇಕ ಎಲ್ಲೆಡೆಯೂ ಉಳಿಯಲಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಫಲಕದ ದೀಪವೊಂದು ಆರಿದುದನ್ನು ಕಂಡು ಕವಾಟ ಮುಚ್ಚಿದೆಯೆಂದು ನೌಕರರು ನಂಬಿದರು. ಆ ದೀಪ ಹೇಳುತ್ತಿದ್ದುದಾದರೋ ಮುಚ್ಚುವ ಆಜ್ಞೆ ಹೋಗಿದೆಯೆಂದು ಮಾತ್ರ, ಕವಾಟವು ತೆರೆದೇ ಇದ್ದಿತು. 2003ರ ಆಗಸ್ಟ್ 14ರಂದು ಓಹಾಯೋ ಪ್ರಾಂತದ ವಿದ್ಯುತ್ ನಿಯಂತ್ರಣ ಕೊಠಡಿಯೊಂದರಲ್ಲಿ ಎಚ್ಚರಿಕೆಯ ತಂತ್ರಾಂಶವೇ ಮಧ್ಯಾಹ್ನ ಎರಡು ಗಂಟೆಯ ಅನಂತರ ಸ್ತಬ್ಧವಾಯಿತು. ಹೊರಗೆ ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತಿರಲು, ಒಳಗಿದ್ದವರಿಗೆ ಗಂಟೆ ಬಾರಿಸದಿದ್ದುದೇ ಶುಭವಾರ್ತೆಯಂತೆ ತೋರಿತು. ಸಂಜೆ ನಾಲ್ಕರ ಸುಮಾರಿಗೆ ಐದು ಕೋಟಿ ಜನರು ಕತ್ತಲಲ್ಲಿ ಮುಳುಗಿದರು.

ಗಣಕಯಂತ್ರಗಳ ನಿಗಾ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು. 1980ರ ದಶಕದಲ್ಲಿ ಎರಿಕ್ ಆಲ್ಮನ್ ರೂಪಿಸಿದ, ಗಣಕದ ಸಂದೇಶಗಳನ್ನು ದಾಖಲಿಸುವ ಸಿಸ್‌ಲಾಗ್ ಪದ್ಧತಿಯಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಅಂತಸ್ತುಗಳುಂಟು. ಅಲ್ಲಿ ಸೊನ್ನೆಯೆಂದರೆ ಘೋರ ವಿಪತ್ತು. 1999ರಲ್ಲಿ ಈಥನ್ ಗಾಲ್‌ಸ್ಟಾಡ್ ಹೊರತಂದು, ಮುಂದೆ ನಾಗಿಯೋಸ್ ಎಂಬ ಹೆಸರು ಪಡೆದ ವ್ಯವಸ್ಥೆಯಲ್ಲಿ ಸೊನ್ನೆಯೆಂದರೆ ಸುಸ್ಥಿತಿ, ಒಂದು ಎಚ್ಚರ, ಎರಡು ವಿಷಮಸ್ಥಿತಿ, ಮೂರು ಅಜ್ಞಾತ. ಒಂದರ ಸೊನ್ನೆಯನ್ನು ಇನ್ನೊಂದಕ್ಕೆ ಹಾಗೆಯೇ ಸಾಗಿಸಿದರೆ ಮಹಾವಿಪತ್ತು ಕ್ಷೇಮವಾಗಿ ಮಾರ್ಪಡುವುದು. ಆದುದರಿಂದ ನಡುವೆ ಕೋಷ್ಟಕವೊಂದು ಅತ್ಯವಶ್ಯ. ಮತ್ತು ಆ ಕೋಷ್ಟಕದಲ್ಲಿ ಕಾಣದ ಹೊಸ ಸಂಕೇತವೊಂದು ಬಂದಲ್ಲಿ ಅದನ್ನು ಮೂರರಲ್ಲಿ ಇಡಬೇಕೇ ಹೊರತು ಎಂದಿಗೂ ಸೊನ್ನೆಯಲ್ಲಿ ಇಡಬಾರದು.

ಇನ್ನು ನಮ್ಮ ಮಳೆಮಾಪಕಕ್ಕೆ ಬರೋಣ. 1988ರಲ್ಲಿ ಬರಗಾಲದ ನಿಗಾ ಘಟಕವಾಗಿ ಹುಟ್ಟಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಸಂಸ್ಥೆಯು ಈ ಯಂತ್ರಗಳ ಜಾಲವನ್ನು ರಾಜ್ಯದುದ್ದಕ್ಕೂ ಹರಡಿದೆ. ಇಂಥ ಮಾಪಕಗಳಲ್ಲಿ ಕ್ರಿಸ್ಟೋಫರ್ ರೆನ್ 1660ರ ದಶಕದಲ್ಲಿ ಕಲ್ಪಿಸಿದ ತತ್ತ್ವವೇ ಬಹುಮಟ್ಟಿಗೆ ನಡೆಯುತ್ತಿದೆ: ಪುಟ್ಟ ತೊಟ್ಟಿಯೊಂದು ತುಂಬಿ ಮಗುಚಿಕೊಂಡಾಗಲೆಲ್ಲ ಒಂದು ಎಣಿಕೆ. ದಿನವೊಂದಕ್ಕೆ 64.5 ಮಿಲಿಮೀಟರು ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ ಎಂದು ಹವಾಮಾನ ಇಲಾಖೆಯ ವರ್ಗೀಕರಣ. ಮುನ್ನೆಚ್ಚರಿಕೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಕೊಡುವಾಗ ಸಂಭವವನ್ನೂ ಪರಿಣಾಮವನ್ನೂ ಜೊತೆಗೆ ತೂಗುವರು.

ಹೆಚ್ಚು ಮಳೆಯ ಸಂಕೇತಕ್ಕಿಂತ ಮಿಗಿಲಾದ ಕಷ್ಟವಿರುವುದು ಸೊನ್ನೆಯಲ್ಲಿ. ಎಲೆಯೋ ಧೂಳೋ ಜೇಡನ ಬಲೆಯೋ ಕೊಳವೆಗೆ ಅಡ್ಡಬಂದರೆ ಧಾರಾಕಾರ ಮಳೆಯಲ್ಲಿಯೂ ಯಂತ್ರ ಸೊನ್ನೆಯನ್ನೇ ಬರೆಯುವುದು. ವಿದ್ಯುತ್ಕೋಶ ಕುಗ್ಗಿದರೆ ಏನನ್ನೂ ಬರೆಯದು. ಮಳೆಯಿಲ್ಲದ ಸೊನ್ನೆ, ಅಡಚಣೆಯ ಸೊನ್ನೆ, ಮೌನ, ಈ ಮೂರನ್ನೂ ಒಂದೇ ಅಂಕಣದಲ್ಲಿ ಬರೆದರೆ, ಆ ಅಂಕೆಯನ್ನಾಧರಿಸಿದ ಬರದ ಲೆಕ್ಕವೂ ಹವಾಮಾನಾಧಾರಿತ ಬೆಳೆವಿಮೆಯ ಪರಿಹಾರವೂ ದಾರಿತಪ್ಪುವುವು. ಸುತ್ತಲಿನ ಊರುಗಳಲ್ಲಿ ಅರವತ್ತು ಮಿಲಿಮೀಟರು ಸುರಿದ ರಾತ್ರಿ ಒಂದೂರಿನದು ಮಾತ್ರ ಸೊನ್ನೆಯಾದರೆ, ಅದನ್ನು ಅಜ್ಞಾತವೆಂದು ಗುರುತಿಸಿ, ಮನುಷ್ಯನೊಬ್ಬನನ್ನು ಆ ಯಂತ್ರದ ಬಳಿಗೆ ಕಳುಹಿಸಬೇಕು. ಹಾಗೆ ಅಜ್ಞಾತವಾದ ದಿನಗಳ ಪಟ್ಟಿಯನ್ನು ಎಕಂಬಾದಂಥ ಪ್ರತಿಯೊಂದು ಊರಿನ ಪಂಚಾಯಿತಿಯ ಗೋಡೆಯ ಮೇಲೆ, ಮಳೆಯ ಅಂಕೆಗಳ ಪಕ್ಕದಲ್ಲಿಯೇ, ಸುಗ್ಗಿಗೆ ಮುಂಚೆ ಪ್ರಕಟಿಸಬೇಕೆಂದು ನಾನು ಸಂಬಂಧಪಟ್ಟವರನ್ನು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.